ಸೇನೆ ಹೊರಟ ಮೇಲೆ ನೆಲದಲ್ಲಿ ಉಳಿದದ್ದು

ನರಗುಂದದ ಗುಡ್ಡ ಹತ್ತಿ ನಿಂತರೆ ಸುತ್ತ ಕಾಣೋದು ಎರೆ ಹೊಲ. ಹಿಂಗಾರಿನಲ್ಲಿ ಕಡಲೆ, ಜೋಳ. ಬೇಸಿಗೆ ಬಂತೆಂದರೆ ಕಾಲು ಇಳಿಯುವಷ್ಟು ಬಿರುಕು. ಈ ಗುಡ್ಡದ ಮೇಲಿನ ಕೋಟೆಗಾಗಿ 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ಎರಡು ವರ್ಷ ಕಳೆದು, 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದ ಆಗಿದ್ದು ಇಲ್ಲೇ ಪಕ್ಕದ ಗಜೇಂದ್ರಗಡದಲ್ಲಿ. ಮತ್ತೆ 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ತಿರುಗಿ ನಿಂತಾಗ ಇದೇ ನರಗುಂದಕ್ಕೆ ಕಂಪನಿ ಪಡೆ ನುಗ್ಗಿತು.

ಇಷ್ಟನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಒಂದು ಪ್ರಶ್ನೆ ಯಾವ ಮೇಷ್ಟ್ರೂ ಕೇಳಲಿಲ್ಲ. ಸೇನೆ ಬರುತ್ತೆ, ಹೋಗುತ್ತೆ. ಅದು ಬಿಟ್ಟುಹೋದ ಮದ್ದುಗುಂಡು ಎಲ್ಲಿ ಹೋಗುತ್ತೆ?

ಉತ್ತರ ಸರಳ. ಯಾರಾದರೂ ತೆಗೆಯುವವರೆಗೆ ಅದು ಬಿದ್ದಲ್ಲೇ ಇರುತ್ತೆ.

ನಗರದ ಬಾವಿ

ಈ ಮಾತಿಗೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಅಂತ ಒಂದು ಊರಿದೆ. ಹಳೇ ಬಿದನೂರು. ಟಿಪ್ಪುವಿನ ಕಾಲದಲ್ಲಿ ರಾಕೆಟ್ ತಯಾರಿಗೆ ಮೀಸಲಾಗಿದ್ದ 'ತಾರಾಮಂಡಲ ಪೇಟೆ'ಗಳು ನಾಲ್ಕು ಕಡೆ ಇದ್ದವು: ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಈ ಬಿದನೂರು.

2002ರಲ್ಲಿ ಇಲ್ಲಿನ ಬಾವಿಯೊಂದರಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಏನು ಅಂತ ತಕ್ಷಣ ಯಾರಿಗೂ ಹೊಳೆಯಲಿಲ್ಲ. ಹಳೇ ಶೆಲ್ ಇರಬೇಕು ಅಂದುಕೊಂಡು ವರ್ಷಗಟ್ಟಲೆ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಅವು ಟಿಪ್ಪುವಿನ ರಾಕೆಟ್‌ಗಳು ಅಂತ ಗೊತ್ತಾಗಿದ್ದು ಬಹಳ ತಡವಾಗಿ. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಲ್ಲಿ ಮತ್ತೆ ಅಗೆದರು. ಹದಿನೈದು ಜನರ ತಂಡ, ಮೂರು ದಿನದ ಕೆಲಸ. ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ಒಂದೊಂದೂ ಮೊಳಕ್ಕಿಂತ ಗಿಡ್ಡ.

ಅಧಿಕಾರಿಗಳು ಆಗ ಹೇಳಿದ ಒಂದು ವಿವರ ಗಮನಿಸಿ. ಆ ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಅಲ್ಲಿ ಅಗೆಯಲು ದಾರಿ ತೋರಿಸಿದ್ದೇ ಆ ವಾಸನೆ. ಗಜೇಂದ್ರಗಡದ ಒಪ್ಪಂದ ಆಗಿ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ಕಾಲದ ಮದ್ದು ತನ್ನ ಗುರುತು ಬಿಟ್ಟಿರಲಿಲ್ಲ.

ನಗರದ ಬಾವಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಶತಮಾನಗಳ ತೇವ, ಪೆಟ್ಲುಪ್ಪು ಮತ್ತು ಇದ್ದಿಲಿನ ಹಳೇ ಮದ್ದು. ಹಾಗಾಗಿ ಆ ಕಥೆ ಮ್ಯೂಸಿಯಂನಲ್ಲಿ ಸುಖವಾಗಿ ಮುಗಿಯಿತು. ಆದರೆ ನಮ್ಮ ಕಾಲದ ಶೆಲ್ ಹಾಗಲ್ಲ. ಅದರ ಕಥೆ ಕೇಳಬೇಕಾದರೆ ಕಾಶ್ಮೀರದ ಒಂದು ಹುಲ್ಲುಗಾವಲಿಗೆ ಹೋಗಬೇಕು.

ಐವತ್ತು ವರ್ಷದ ಗುತ್ತಿಗೆ

ಬಡಗಾಂ ಜಿಲ್ಲೆಯ ತೋಸಾಮೈದಾನ ಕುರಿಗಾರರ ನೆಲ. ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳ ಹಿಂಡುಗಳೆಲ್ಲ ಅಲ್ಲಿಗೇ ಹತ್ತುತ್ತವೆ. 1964ರಲ್ಲಿ ಇದನ್ನು ಸೇನೆಗೆ ಫಿರಂಗಿ ತಾಲೀಮಿಗಾಗಿ ಗುತ್ತಿಗೆ ಕೊಟ್ಟರು. ಅವಧಿ 50 ವರ್ಷ. ವರ್ಷದ ಕೆಲವು ತಿಂಗಳು ಶೆಲ್ ಹಾರುತ್ತಿದ್ದವು, ಉಳಿದ ತಿಂಗಳು ಕುರಿ ಮೇಯುತ್ತಿದ್ದವು.

ಹಾರಿದ ಶೆಲ್‌ಗಳೆಲ್ಲ ಸಿಡಿಯಲಿಲ್ಲ. ಹುಲ್ಲಿನಲ್ಲಿ, ಹಳ್ಳದಲ್ಲಿ, ಹಿಮದಡಿ ಉಳಿದವು. ಕುರಿ ಕಾಯುವವರು ತುಳಿದರು. ಸೌದೆ ಆಯುವವರು, ಹಳೇ ಕಬ್ಬಿಣ ಆಯುವವರು ಎತ್ತಿ ನೋಡಿದರು. ಮಕ್ಕಳು ಆಟದ ಸಾಮಾನು ಅಂತ ಮನೆಗೆ ತಂದರು. ಸುತ್ತಲಿನ ಹಳ್ಳಿಯವರ ಲೆಕ್ಕದಲ್ಲಿ ಸತ್ತವರು ಅರವತ್ತಕ್ಕೂ ಹೆಚ್ಚು. ಕೈಕಾಲು ಕಳಕೊಂಡವರು ಇನ್ನೂ ಹೆಚ್ಚು.

ಹಳ್ಳಿಯವರು ಕೊನೆಗೆ ಹಿಡಿದ ಅಸ್ತ್ರ ಮಾಹಿತಿ ಹಕ್ಕು. ಗುತ್ತಿಗೆ ಯಾವಾಗ ಮುಗಿಯುತ್ತೆ, ಎಷ್ಟು ಜನ ಸತ್ತರು, ಪರಿಹಾರ ಯಾರಿಗೆ ಸಿಕ್ಕಿತು ಅಂತ ಅರ್ಜಿ ಹಾಕಿ ಹಾಕಿ ಕೇಳಿದರು. 2014ರ ಏಪ್ರಿಲ್‌ನಲ್ಲಿ ಗುತ್ತಿಗೆ ಮುಗಿಯಿತು, ನವೀಕರಣ ಆಗಲಿಲ್ಲ. ಅದೇ ವರ್ಷ ಸೇನೆ 'ಆಪರೇಷನ್ ಫಲಾಹ್' ಎಂಬ ಹೆಸರಿನಲ್ಲಿ ಸುಮಾರು ಮೂರು ತಿಂಗಳು ಮೈದಾನವನ್ನು ಶೋಧಿಸಿ, ಸಿಕ್ಕ ಶೆಲ್‌ಗಳನ್ನು ಸಿಡಿಸಿತು. 2016ರಲ್ಲಿ ಅದು ಪ್ರವಾಸಿಗರಿಗೂ ತೆರೆಯಿತು. ಹಾಗಂತ ಎಲ್ಲ ಮುಗಿಯಲಿಲ್ಲ. ತೆರವಾಯಿತು ಅಂತ ಘೋಷಿಸಿದ ಮೇಲೂ ಅಲ್ಲಿ ಸಾವು ಸಂಭವಿಸಿದೆ.

ಯಾಕೆ ಹೀಗೆ? ಮೂರು ತಿಂಗಳು ಹುಡುಕಿದರೂ ಸಿಗದೆ ಉಳಿಯೋದು ಹೇಗೆ?

ಸಿಡಿಯದ ಗುಂಡೇ ಅಪಾಯ

ಶೆಲ್‌ನ ತಲೆಯಲ್ಲಿ ಫ್ಯೂಜ್ ಅಂತ ಒಂದು ಭಾಗ ಇರುತ್ತೆ. ಶೆಲ್ ಯಾವಾಗ ಸಿಡಿಯಬೇಕು ಅನ್ನೋದನ್ನು ನಿರ್ಧರಿಸುವುದು ಅದೇ. ಪೆಟ್ಟಿಗೆಯಲ್ಲಿ ಇರುವಾಗ ಅದಕ್ಕೆ ಬೀಗ ಹಾಕಿದಂತೆ. ಫಿರಂಗಿಯಿಂದ ಹಾರಿದಾಗ ಆಗುವ ಒತ್ತಡಕ್ಕೆ, ತಿರುಗುವ ವೇಗಕ್ಕೆ ಆ ಬೀಗ ತೆರೆಯುತ್ತೆ. ನೆಲಕ್ಕೆ ಬಡಿದಾಗ ಸಿಡಿಯಬೇಕು. ಆದರೆ ಬಿದ್ದ ಜಾಗ ಕೆಸರೋ ಹಿಮವೋ ಆದರೆ, ಬಿದ್ದ ಕೋನ ಸರಿ ಇಲ್ಲದಿದ್ದರೆ, ಪೆಟ್ಟು ಸಾಲದೆ ಹಾಗೇ ಉಳಿಯುತ್ತೆ.

ಈಗ ಯೋಚಿಸಿ. ಬೀಗ ತೆರೆದಾಗಿದೆ, ಪೆಟ್ಟು ಮಾತ್ರ ಬಾಕಿ ಇದೆ. ಆ ಬಾಕಿ ಪೆಟ್ಟನ್ನು ಹತ್ತು ವರ್ಷದ ನಂತರ ಕುರಿಗಾರನ ಕೊಡಲಿ ಕೊಡಬಹುದು, ನೇಗಿಲ ಕುಳ ಕೊಡಬಹುದು, ಕಂಬಾರನ ಸುತ್ತಿಗೆ ಕೊಡಬಹುದು. ಒಳಗಿರುವ ಟಿಎನ್‌ಟಿಯಂಥ ಸ್ಫೋಟಕ ದಶಕಗಟ್ಟಲೆ ಕೆಡೋದಿಲ್ಲ. ಫ್ಯೂಜ್‌ನ ಲೋಹ ಮಾತ್ರ ತುಕ್ಕು ಹಿಡಿದು, ಯಾವ ಅಲುಗಾಟಕ್ಕೆ ಏನಾಗುತ್ತೆ ಅಂತ ಹೇಳಲಾಗದ ಸ್ಥಿತಿಗೆ ಬರುತ್ತೆ. 'ಹಳೇದು, ತುಕ್ಕು ಹಿಡಿದಿದೆ, ಏನಾಗಲ್ಲ ಬಿಡು' ಅನ್ನೋ ಮಾತು ಇದಕ್ಕೇ ಅಪಾಯ.

ಎರಡನೇ ಕಾರಣ ನೆಲ. ನೆಲ ಸುಮ್ಮನೆ ಇರೋದಿಲ್ಲ. ಎರೆ ಹೊಲ ಇರುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಎರೆ ಮಣ್ಣು ತನ್ನೊಳಗಿನ ಕಲ್ಲನ್ನು ಮೇಲೆ ಕೆಳಗೆ ಮಾಡುತ್ತಲೇ ಇರುತ್ತೆ. ಹೋದ ವರ್ಷ ಆಯ್ದು ತೆಗೆದ ಹೊಲದಲ್ಲಿ ಈ ವರ್ಷ ಮತ್ತೆ ಕಲ್ಲು. ಕಾಶ್ಮೀರದಲ್ಲಿ ಅದೇ ಕೆಲಸವನ್ನು ಹಿಮ ಮಾಡುತ್ತೆ. ಮಣ್ಣು ಹೆಪ್ಪುಗಟ್ಟಿ ಕರಗಿದಾಗಲೆಲ್ಲ ಒಳಗಿನದು ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತೆ. ಇವತ್ತು ಶುದ್ಧ ಅಂದ ಜಾಗ ನಾಲ್ಕು ಚಳಿಗಾಲದ ನಂತರವೂ ಶುದ್ಧವೇ ಅಂತ ಯಾರೂ ಬರೆದುಕೊಡಲಾರರು.

ಶುಚಿ ಮಾಡೋದು ಅಂದರೆ

ಈ ಕೆಲಸ ಸಿನಿಮಾದಲ್ಲಿ ತೋರಿಸುವ ಹಾಗೆ ಕೆಂಪು ವೈರ್ ಕತ್ತರಿಸುವ ಕೆಲಸ ಅಲ್ಲ. ಬಹುಪಾಲು ನಡಿಗೆಯ ಕೆಲಸ, ತಾಳ್ಮೆಯ ಕೆಲಸ.

ಮೊದಲು ಹಳೇ ನಕ್ಷೆ, ದಾಖಲೆ ತೆಗೆದು ಎಲ್ಲಿಂದ ಎಲ್ಲಿಗೆ ಗುಂಡು ಹಾರಿಸಿದ್ದರು ಅಂತ ನೋಡುತ್ತಾರೆ. ಹಳ್ಳಿಯವರನ್ನು ಕೇಳುತ್ತಾರೆ. ಆಮೇಲೆ ನೆಲವನ್ನು ಹಗ್ಗ ಕಟ್ಟಿ ಕಿರಿದಾದ ಪಟ್ಟಿಗಳಾಗಿ ಹಂಚಿಕೊಂಡು ಲೋಹಶೋಧಕ ಹಿಡಿದು ಹೆಜ್ಜೆ ಹೆಜ್ಜೆಗೆ ನಡೆಯುತ್ತಾರೆ. ಶಬ್ದ ಬಂದಲ್ಲೆಲ್ಲ ಗುರುತಿನ ಬಾವುಟ. ಶಬ್ದ ಬಂದದ್ದು ಮೊಳೆ ಇರಬಹುದು, ಕುದುರೆ ಲಾಳ ಇರಬಹುದು, ಸಿಡಿದ ಶೆಲ್‌ನ ಚೂರು ಇರಬಹುದು. ಆದರೂ ಪ್ರತಿಯೊಂದನ್ನೂ ಶೆಲ್ ಅಂತಲೇ ತಿಳಿದು ಕೈಯಿಂದ ಮಣ್ಣು ಬಿಡಿಸಬೇಕು. ನಿಜವಾದದ್ದು ಸಿಕ್ಕರೆ ಸಾಮಾನ್ಯವಾಗಿ ಅಲುಗಾಡಿಸೋದಿಲ್ಲ. ಇದ್ದಲ್ಲೇ ಬೇರೆ ಸ್ಫೋಟಕ ಇಟ್ಟು, ದೂರ ಸರಿದು, ಸಿಡಿಸುತ್ತಾರೆ.

ನಮ್ಮ ಸೇನೆಯಲ್ಲಿ ಈ ಬಗೆಯ ಕೆಲಸದಲ್ಲಿ ಮುಂದೆ ನಿಲ್ಲುವವರು ಎಂಜಿನಿಯರ್ ಪಡೆಯವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ದಿನಾ ಆಫೀಸಿಗೆ ಹೋಗುವಾಗ ಎಂಇಜಿ ಬೋರ್ಡ್ ನೋಡಿರುತ್ತೀರಿ. ಮದ್ರಾಸ್ ಸ್ಯಾಪರ್ಸ್ ಅಂತ ಹೆಸರಾದ ಆ ಪಡೆಯಲ್ಲಿ ನಮ್ಮ ಕರ್ನಾಟಕದ ಹುಡುಗರೂ ಇದ್ದಾರೆ.

ಎಷ್ಟು ಆಳದವರೆಗೆ ಹುಡುಕಬೇಕು? ಖರ್ಚೆಲ್ಲ ನಿಂತಿರೋದು ಈ ಪ್ರಶ್ನೆಯ ಮೇಲೆ. ಅಮೆರಿಕದ ಹವಾಯಿಯಲ್ಲಿ ಕಹೋಲಾವೆ ಅನ್ನೋ ದ್ವೀಪ ಇದೆ. 1941ರಿಂದ 1990ರವರೆಗೆ ಅಲ್ಲಿ ಬಾಂಬ್ ತಾಲೀಮು ನಡೆಯಿತು. ಆಮೇಲೆ ಸುಮಾರು ಹತ್ತು ವರ್ಷ, ಕೋಟಿಗಟ್ಟಲೆ ಡಾಲರ್ ಸುರಿದು ಶುಚಿ ಮಾಡಿದರು. 2004ರಲ್ಲಿ ನೌಕಾಪಡೆ ಹೊರಟಾಗ ದ್ವೀಪದ ಮುಕ್ಕಾಲು ಭಾಗದ ಮೇಲ್ಮೈ ಮಾತ್ರ ತೆರವಾಗಿತ್ತು. ನಾಲ್ಕು ಅಡಿ ಆಳದವರೆಗೆ ತೆರವಾದದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ದುಡ್ಡಿರುವ ದೇಶಕ್ಕೇ ಹೀಗಾದರೆ, ಕುರಿ ಮೇಯಿಸುವ ಹಳ್ಳಿಯ ಗತಿ ಊಹಿಸಿ.

ಜಮೀನು ಕೊಡುವ ದಿನವೇ ಕೇಳಬೇಕಾದ್ದು

ಸೇನೆಗೆ ತಾಲೀಮು ಬೇಕು. ಅದಕ್ಕೆ ನೆಲ ಬೇಕು. ಅದರಲ್ಲಿ ಜಗಳ ಇಲ್ಲ. ಬಳಸಿದ ನೆಲವನ್ನು ಮರಳಿ ಕೊಡುವಾಗ ಯಾವ ಸ್ಥಿತಿಯಲ್ಲಿ ಕೊಡುತ್ತಾರೆ ಅನ್ನೋದು ಮಾತ್ರ ಪ್ರಶ್ನೆ.

ನಮ್ಮಲ್ಲಿ ಇದಕ್ಕೆ 1938ರ ಒಂದು ಕಾಯ್ದೆ ಇದೆ. ಸೇನಾ ಕವಾಯತು, ಫೀಲ್ಡ್ ಫೈರಿಂಗ್, ಫಿರಂಗಿ ತಾಲೀಮಿಗೆ ಜಾಗ ಗೊತ್ತುಮಾಡುವ ಕಾಯ್ದೆ. ಬ್ರಿಟಿಷರ ಕಾಲದ್ದಾದರೂ ಇವತ್ತಿಗೂ ಜಾರಿಯಲ್ಲಿದೆ. ಜನರಿಗೆ, ಆಸ್ತಿಗೆ ಆದ ಹಾನಿಗೆ ಪರಿಹಾರ ಕೊಡಬೇಕು, ಕವಾಯತಿಗೆ ಬಳಸಿದ ಜಮೀನನ್ನು ಸಾಧ್ಯವಾದಷ್ಟು ಮೊದಲಿನ ಸ್ಥಿತಿಗೆ ತರಬೇಕು ಅನ್ನೋ ಮಾತು ಅದರಲ್ಲೇ ಇದೆ. ಜಾರ್ಖಂಡ್‌ನ ನೇತರ್‌ಹಾಟ್‌ನಲ್ಲಿ ಆದಿವಾಸಿಗಳು ದಶಕಗಳ ಕಾಲ ಹೋರಾಡಿದ್ದು ಇದೇ ಕಾಯ್ದೆಯಡಿ ಗೊತ್ತುಮಾಡಿದ ಫೈರಿಂಗ್ ರೇಂಜ್ ವಿರುದ್ಧ. 2022ರಲ್ಲಿ ಅಲ್ಲಿನ ಸರಕಾರ ಅವಧಿ ವಿಸ್ತರಿಸದಿರಲು ತೀರ್ಮಾನಿಸಿತು.

ನೆಲದ ಲೆಕ್ಕ ಕೇಳೋದು ನರಗುಂದಕ್ಕೆ ಹೊಸದೇನಲ್ಲ. 1980ರಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರು ಕೇಳಿದ್ದೂ ಲೆಕ್ಕವನ್ನೇ. ತೋಸಾಮೈದಾನದ ಕುರಿಗಾರರು ಕೇಳಿದ ಪ್ರಶ್ನೆ ನಮ್ಮವರಿಗೆ ಬೇಗ ಅರ್ಥ ಆಗುತ್ತೆ.

ಗುಜರಿ ಅಂಗಡಿಯ ದಾರಿ

ರೋಣ, ನರಗುಂದ, ಗಜೇಂದ್ರಗಡದಲ್ಲಿ ತೋಸಾಮೈದಾನದಂಥ ಜಾಗ ಇಲ್ಲವಲ್ಲ, ನಮಗೇಕೆ ಈ ಚಿಂತೆ ಅನ್ನಬಹುದು. ಚಿಂತೆ ಇರೋದು ಕಬ್ಬಿಣದ್ದು. ಕಬ್ಬಿಣ ಊರೂರು ತಿರುಗುತ್ತೆ.

2004ರ ಸೆಪ್ಟೆಂಬರ್‌ನಲ್ಲಿ ದಿಲ್ಲಿ ಪಕ್ಕದ ಗಾಜಿಯಾಬಾದ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಸ್ಫೋಟ ಆಗಿ ಹತ್ತು ಕಾರ್ಮಿಕರು ಸತ್ತರು. ವಿದೇಶದಿಂದ ಕರಗಿಸಲು ತಂದ ಗುಜರಿಯಲ್ಲಿ ಜೀವಂತ ಶೆಲ್‌ಗಳು ಇದ್ದವು. ಆ ಕಾರ್ಮಿಕರ ಊರಿನಲ್ಲಿ ಯಾವ ಯುದ್ಧವೂ ಆಗಿರಲಿಲ್ಲ. ಅದಾದ ಮೇಲೆಯೇ ಗುಜರಿ ಆಮದಿಗೆ ತಪಾಸಣೆಯ ನಿಯಮ ಬಿಗಿಯಾಯಿತು.

ನಮ್ಮ ಕಡೆಯ ಕುರಿಗಾರರು ಹಿಂಡಿನ ಜೊತೆ ತಿಂಗಳುಗಟ್ಟಲೆ ಹೊರಗೇ ಇರುತ್ತಾರೆ. ದಾರಿಯಲ್ಲಿ ಸಿಕ್ಕ ಕಬ್ಬಿಣವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ತೂಕಕ್ಕೆ ಹಾಕೋದು ಯಾರಿಗಾದರೂ ಸಹಜ. ಗುಜರಿ ಅಂಗಡಿಯಲ್ಲಿ ಅದನ್ನು ಬಡಿದು ನೋಡುವ ಕೂಲಿ ಹುಡುಗ, ಕುಲುಮೆಗೆ ಇಡುವ ಕಂಬಾರ, ಇವರೇ ಆ ಸಾಲಿನ ಕೊನೆಯಲ್ಲಿ ಇರುವವರು. ಇವರಲ್ಲಿ ಯಾರ ಕೈಗೂ ಲೋಹಶೋಧಕ ಕೊಟ್ಟಿಲ್ಲ.

ಹಾಗಾಗಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಇಷ್ಟು ಹಾಕಿದರೆ ಸಾಕು:

• ಹೊಲ, ಹಳ್ಳ, ಬಾವಿ, ಕೋಟೆ ಅಥವಾ ಗುಜರಿ ರಾಶಿಯಲ್ಲಿ ಶೆಲ್, ಗ್ರೆನೇಡ್, ರಾಕೆಟ್ ಥರದ್ದು ಕಂಡರೆ ಮುಟ್ಟಬೇಡಿ. ಒದೆಯಬೇಡಿ, ನೀರು ಹಾಕಬೇಡಿ, ಬಡಿದು ನೋಡಬೇಡಿ.

• ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ದೂರದಿಂದಲೇ ಜಾಗಕ್ಕೆ ಗುರುತು ಮಾಡಿ, ಮಕ್ಕಳನ್ನೂ ದನಕರುಗಳನ್ನೂ ಆ ಕಡೆ ಬಿಡಬೇಡಿ.

• ಹತ್ತಿರ ಹೋಗಿ ಸೆಲ್ಫಿ ತೆಗೆಯೋದು, ಎತ್ತಿಕೊಂಡು ಠಾಣೆಗೇ ಒಯ್ಯೋದು, ಎರಡೂ ಬೇಡ. 112ಕ್ಕೆ ಫೋನ್ ಮಾಡಿ. ಬಾಂಬ್ ನಿಷ್ಕ್ರಿಯ ದಳದವರನ್ನು ಪೊಲೀಸರೇ ಕರೆಸುತ್ತಾರೆ.

• ಬಹಳ ಹಳೇದಿರಬಹುದು ಅನ್ನಿಸಿದರೂ ಕ್ರಮ ಇದೇ. ನಗರದ ಬಾವಿಯ ರಾಕೆಟ್ ಕೂಡ ಮ್ಯೂಸಿಯಂ ಸೇರಿದ್ದು ಅದು ಇಲಾಖೆಯ ಕೈಗೆ ಬಂದಿದ್ದರಿಂದ. ಗುಜರಿಗೆ ಹೋಗಿದ್ದರೆ ಆ ಇತಿಹಾಸವೂ ಕಿಲೋ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು.

ಮುಂದಿನ ಸಲ ರಜೆಗೆ ಊರಿಗೆ ಹೋದಾಗ ನರಗುಂದದ ಗುಡ್ಡ ಹತ್ತಿ. ಗಜೇಂದ್ರಗಡದ ಬೆಟ್ಟದಲ್ಲಿ ಕಾಲಕಾಲೇಶ್ವರನ ದರ್ಶನ ಮಾಡಿ. ಕೆಳಗೆ ಹೊಲದಲ್ಲಿ ಹಿಂಡು ನಿಂತಿದ್ದರೆ ಕುರಿ ಕಾಯುವ ಕಾಕಾ ಜೊತೆ ಎರಡು ಮಾತಾಡಿ. 'ಕಾಕಾ, ದಾರಿಯಾಗ ಕಬ್ಬಿಣದ ಗುಂಡು ಏನರ ಸಿಕ್ಕರ ಮುಟ್ಟಬ್ಯಾಡ್ರಿ, ಪೊಲೀಸರಿಗೆ ಹೇಳ್ರಿ' ಅಂತ ಹೇಳಿ ಬನ್ನಿ. ತೋಸಾಮೈದಾನದಲ್ಲಿ ಈ ಮಾತನ್ನು ಮೊದಲೇ ಹೇಳುವವರು ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತಿತ್ತು.