ಮಿಯಾಪುರದಲ್ಲಿ ಇಳಿಯಿರಿ, ಮುಂದಿನದು ಸಸಾರ

ಜಹೀರಾಬಾದಿನಿಂದ ಹೊರಟ ಬಸ್ಸು ಸದಾಶಿವಪೇಟೆ, ಸಂಗಾರೆಡ್ಡಿ ಚೌರಸ್ತಾ ದಾಟುವತನಕ ಸರಾಗವಾಗಿಯೇ ಓಡುತ್ತದೆ. ಪಟಾಂಚೆರು ಬಂತೋ, ಲಾರಿ, ಆಟೊ, ಕಂಪನಿ ಬಸ್ಸುಗಳ ನಡುವೆ ತೆವಳಾಟ ಶುರು. ಹಳಬರು ಇಮ್ಲಿಬನ್ ಎನ್ನುವ ಮಹಾತ್ಮ ಗಾಂಧಿ ಬಸ್ ನಿಲ್ದಾಣ (ಎಂಜಿಬಿಎಸ್) ಮುಟ್ಟುವ ಹೊತ್ತಿಗೆ ಬಂದ ಕೆಲಸದ ಹುರುಪೇ ಅರ್ಧ ಇಳಿದಿರುತ್ತದೆ. ಹಾಗಾಗಿ ತಿಳಿದವರು ಮಿಯಾಪುರದಲ್ಲೇ ಇಳಿದು ಮೆಟ್ರೊ ಹತ್ತುತ್ತಾರೆ.

ನಮ್ಮ ಸೀಮೆಗೆ ಹೈದರಾಬಾದು ಪರದೇಶವೇನಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿ. ಆಗಲೂ ರಾಜಧಾನಿ ಇದೇ. ಆದರೂ ನ್ಯಾಲ್ಕಲ್, ಝರಾಸಂಗಮದ ಕಡೆಯ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಆಡಿಕೊಂಡು ಬೆಳೆದ ಹಿರಿಯರಿಗೆ ಈ ಊರಿನ ಗಲ್ಲಿಗಳು ಇಂದಿಗೂ ದಿಕ್ಕು ತಪ್ಪಿಸುತ್ತವೆ. ಯಾವ ನಂಬರಿನ ಸಿಟಿ ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳುವುದರಲ್ಲೇ ಒಂದು ಹೊತ್ತು ಕಳೆಯುತ್ತದೆ. ಮೆಟ್ರೊದಲ್ಲಿ ಆ ಕಾಟವಿಲ್ಲ. ಮುಂದಿನ ನಿಲ್ದಾಣದ ಹೆಸರನ್ನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಕೂಗುತ್ತಾರೆ. ಬೋರ್ಡಿನ ತೆಲುಗು ಅಕ್ಷರವೂ ಕನ್ನಡ ಓದುವವರಿಗೆ ತೊಡಕಲ್ಲ, ತುಸು ಹೊತ್ತಿನಲ್ಲಿ ಕಣ್ಣಿಗೆ ಒಗ್ಗುತ್ತದೆ.

ಈ ಮೆಟ್ರೊ ಉದ್ಘಾಟನೆಯಾದದ್ದು 2017ರ ನವೆಂಬರ್ 28ರಂದು, ಇದೇ ಮಿಯಾಪುರದಲ್ಲಿ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ನೆಲದೊಳಗೆ ನುಗ್ಗುವುದನ್ನು ಕಂಡವರು ಇಲ್ಲೂ ಸುರಂಗ ಬಂದೀತೆಂದು ಕಾಯಬೇಕಿಲ್ಲ. ಸುಮಾರು 69 ಕಿ.ಮೀ. ಉದ್ದದ ಮೂರೂ ಮಾರ್ಗಗಳು ಕಂಬಗಳ ಮೇಲೆಯೇ ಇವೆ. ಹೊಸಬರಿಗೆ ಇದೇ ದೊಡ್ಡ ಅನುಕೂಲ: ಕಿಟಕಿಯಿಂದ ಊರು ಕಾಣುತ್ತದೆ, ಎಲ್ಲಿದ್ದೇವೆಂಬುದು ತಿಳಿಯುತ್ತದೆ.

ಕೌಂಟರಿನಲ್ಲಿ ಕ್ಯೂಆರ್ ಚೀಟಿ ಕೊಡುತ್ತಾರೆ, ವಾಟ್ಸ್ಆ್ಯಪ್‌ನಲ್ಲೂ ತೆಗೆಯಬಹುದು. 2025ರ ಮೇನಲ್ಲಿ ಪರಿಷ್ಕರಿಸಿದಂತೆ ದರ 11 ರೂಪಾಯಿಯಿಂದ 69ರವರೆಗೆ. ಇಳಿಯುವಾಗಲೂ ಗೇಟಿನಲ್ಲಿ ಅದೇ ಚೀಟಿ ತೋರಿಸಬೇಕು, ಬಸ್ಸಿನ ಟಿಕೇಟಿನಂತೆ ಮಡಚಿ ಎಲ್ಲೋ ಸಿಕ್ಕಿಸಿಕೊಂಡರೆ ಪೇಚಾಟ. ಕೈಗಂಟನ್ನು ತಪಾಸಣೆಯ ಮಷೀನಿನೊಳಗೆ ಹಾಕಲು ಅಜ್ಜಿಯರು ಹಿಂದೆಮುಂದೆ ನೋಡುತ್ತಾರೆ, ರೊಟ್ಟಿ ಕೆಟ್ಟೀತೆಂಬ ಹೆದರಿಕೆ. ಏನೂ ಆಗುವುದಿಲ್ಲ.

ಎಲ್.ಬಿ. ನಗರದವರೆಗಿನ ಕೆಂಪು ಮಾರ್ಗದ 27 ನಿಲ್ದಾಣಗಳನ್ನು ಸಾಲಾಗಿ ಓದಿದರೆ ಗಡಿಯ ಜನ ಹೈದರಾಬಾದಿಗೆ ಯಾಕೆ ಬರುತ್ತಾರೆಂಬುದು ತಾನೇ ಗೊತ್ತಾಗುತ್ತದೆ. ಕೂಕಟ್‌ಪಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದ ಮಗ, ಅಮೀರ್‌ಪೇಟೆಯಲ್ಲಿ ಕೋಚಿಂಗಿಗೆ ಸೇರಿದ ಮಗಳು, ಪಂಜಾಗುಟ್ಟದಲ್ಲಿ ನಿಮ್ಸ್ ಆಸ್ಪತ್ರೆ.

“ತಮ್ಮಾ, ಪಂಜಾಗುಟ್ಟಾಕ್ ಇನ್ನಾ ಎಷ್ಟ್ ಸ್ಟೇಷನ್ ಅದಾವ?” ಎದುರು ಸೀಟಿನ ಧೋತರದ ಹಿರಿಯರು ಕೇಳಿದರು. ನನ್ನ ಫೋನಿನ ಮಾತು ಕೇಳಿಸಿಕೊಂಡು ಭಾಷೆ ಹಿಡಿದಿರಬೇಕು.

“ಅಮೀರ್‌ಪೇಟ್ ಆದ ಮ್ಯಾಲ ಅದೇ ಬರ್ತದ ಕಾಕಾ. ಈಗೇ ಎದ್ದು ನಿಂದ್ರಬ್ಯಾಡ್ರಿ.”

ಅವರು ಎದ್ದೇ ನಿಂತರು. ಬಸ್ಸಿನಲ್ಲಿ ಇಳಿದು ರೂಢಿಯಾದವರು ಎಲ್ಲರೂ ಹೀಗೆಯೇ.

ಅಮೀರ್‌ಪೇಟೆಯಲ್ಲಿ ಮಾತ್ರ ಎಚ್ಚರ ಬೇಕು. ನಾಗೋಲ್–ರಾಯದುರ್ಗಂ ನೀಲಿ ಮಾರ್ಗ ಇಲ್ಲಿ ಅಡ್ಡ ಹಾಯುತ್ತದೆ, ಮಹಡಿ ಬದಲಾಗುತ್ತದೆ. ಹೈಟೆಕ್ ಸಿಟಿಗೆ ಹೋಗುವವರ ದಂಡಿನ ಹಿಂದೆ ಸುಮ್ಮನೆ ನಡೆದರೆ ಎಲ್ಲೋ ಹೋಗಿ ನಿಲ್ಲುತ್ತೀರಿ. ಬೋರ್ಡಿನ ಬಣ್ಣ ನೋಡಿ ನಡೆಯಿರಿ.

ಊರು ನೋಡಲೆಂದೇ ಬಂದವರು ಅಸೆಂಬ್ಲಿ ನಿಲ್ದಾಣದಲ್ಲಿ ಇಳಿಯಲಿ. 1913ರ ಬಿಳಿ ಕಟ್ಟಡ, ಪಕ್ಕದಲ್ಲಿ ಪಬ್ಲಿಕ್ ಗಾರ್ಡನ್. 1952ರ ಚುನಾವಣೆಯಲ್ಲಿ ಬೀದರ್, ಗುಲಬರ್ಗಾ, ರಾಯಚೂರಿನಿಂದ ಗೆದ್ದವರು ಕೂತದ್ದು ಇಲ್ಲಿನ ಸಭೆಯಲ್ಲೇ. ಈ ಸಂಗತಿಯನ್ನು ಹೇಳುವ ಒಂದು ಫಲಕ ಕನ್ನಡದಲ್ಲಿದ್ದರೆ ಚೆನ್ನಿತ್ತು ಎಂದು ನನಗೆ ಅನ್ನಿಸುತ್ತದೆ. ಮುಂದಿನದು ನಾಂಪಲ್ಲಿ. ಜನವರಿಯಲ್ಲಿ ನುಮಾಯಿಷ್ ವಸ್ತುಪ್ರದರ್ಶನ ನಡೆಯುವಾಗ ಈ ಭಾಗದ ನಿಲ್ದಾಣಗಳಲ್ಲಿ ಕಾಲಿಡಲು ಜಾಗ ಸಿಕ್ಕುವುದಿಲ್ಲ.

ಚಾರ್‌ಮಿನಾರಿಗೆ ಮೆಟ್ರೊ ಹೋಗುವುದಿಲ್ಲ. ಜ್ಯುಬಿಲಿ ಬಸ್ ನಿಲ್ದಾಣದಿಂದ ಬರುವ ಹಸಿರು ಮಾರ್ಗ ಫಲಕ್‌ನುಮಾವರೆಗೆ ಹೋಗಬೇಕಿತ್ತು, 2020ರ ಫೆಬ್ರವರಿಯಲ್ಲಿ ತೆರೆದಾಗ ಎಂಜಿಬಿಎಸ್‌ನಲ್ಲೇ ಮುಗಿದಿತ್ತು. ನೋಡತಕ್ಕದ್ದು ಹೆಚ್ಚಾಗಿರುವ ಹಳೆಯ ಪಟ್ಟಣವನ್ನೇ ಬಿಟ್ಟು ಉಳಿದೆಡೆ ರೈಲು ಓಡಿಸಿದ್ದು ಪ್ರವಾಸಿಗೆ ಆದ ಅನ್ಯಾಯ. ಎಂಜಿಬಿಎಸ್‌ನಲ್ಲಿ ಇಳಿದು ಸಾಲಾರ್‌ಜಂಗ್ ಮ್ಯೂಸಿಯಂವರೆಗೆ ನಡೆಯಬಹುದು, ಶುಕ್ರವಾರ ಬಿಟ್ಟು. ಅಲ್ಲಿಂದ ಪತ್ಥರ್‌ಗಟ್ಟಿ ದಾಟಿ ಚಾರ್‌ಮಿನಾರ್. ಬಿಸಿಲಿದ್ದರೆ ಆಟೊ ಹಿಡಿಯಿರಿ, ದರ ಮೊದಲೇ ಮಾತಾಡಿ.

ಮಹಾಲಕ್ಷ್ಮಿ ಯೋಜನೆ ಬಂದ 2023ರ ಡಿಸೆಂಬರಿನಿಂದ ತೆಲಂಗಾಣದ ಹೆಂಗಸರಿಗೆ ಆರ್‌ಟಿಸಿಯ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸು ಪುಕ್ಕಟೆ. ಮೆಟ್ರೊಗೆ ಅದು ಅನ್ವಯವಿಲ್ಲ. ಹೀಗಾಗಿ ಮಿಯಾಪುರದಲ್ಲಿ ಗಂಡ ಇಳಿಯೋಣ ಎಂದರೆ ಹೆಂಡತಿ, ದುಡ್ಡು ಕೊಟ್ಟು ಯಾಕೆ ಹತ್ತಬೇಕು, ಬಸ್ಸು ಸಾವಕಾಶ ಹೋಗಲಿ ಎನ್ನುವುದುಂಟು. ಲೆಕ್ಕ ಹೆಂಡತಿಯದೇ ಸರಿ, ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಅವಸರ ಇಲ್ಲದಿದ್ದರೆ.

2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದ ಎರಡನೇ ಹಂತದಲ್ಲಿ ಮಿಯಾಪುರದಿಂದ ಪಟಾಂಚೆರುವಿಗೆ 13.4 ಕಿ.ಮೀ. ಮಾರ್ಗವಿದೆ. ಅದಾದರೆ ತೆವಳಾಟದ ಪೂರ್ತಿ ಹಾದಿಯೇ ತಪ್ಪುತ್ತದೆ.

ಮರಳುವಾಗ ಮಿಯಾಪುರಕ್ಕೆ ಬಂದು ಬಸ್ಸಿಗೆ ಕೈ ಅಡ್ಡ ಹಿಡಿಯುವ ಸಾಹಸ ಬೇಡ. ಸಂಜೆ ಅಲ್ಲಿಗೆ ಬರುವ ಬೀದರ್, ಜಹೀರಾಬಾದ್ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಎಂಜಿಬಿಎಸ್‌ನಲ್ಲೇ ಹತ್ತಿ ಕಿಟಕಿಯ ಸೀಟು ಹಿಡಿಯಿರಿ. ಹೋಗುವಾಗ ಮೆಟ್ರೊ, ಬರುವಾಗ ಬಸ್ಸು.