ನೀರಿಗೆ ನಾಲ್ಕು ಹೆಸರು



ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಬಾಯಾರಿಕೆ ಆಗುತ್ತೆ. ಒಬ್ಬಾಕೆ "ನೀರು" ಅಂತಾಳೆ. ತಾಂಡಾದಿಂದ ಬಂದಾಕೆ "ಪಾಣಿ" ಅಂತಾಳೆ. ಉರ್ದು ಮನೆಯಾಕೆ "ಪಾನಿ" ಅಂತಾಳೆ. ತೆಲುಗು ಮಾತಾಡೋ ಭೋವಿ ಮನೆಯಾಕೆ "ನೀಳ್ಳು" ಅಂತಾಳೆ. ಕೊಡ ಒಂದೇ. ನೀರೂ ಒಂದೇ. ಹೆಸರು ಮಾತ್ರ ನಾಲ್ಕು.

ಇಷ್ಟು ಮಾತುಗಳು ನಮ್ಮ ಸೀಮೆಗೆ ಬಂದದ್ದು ಹೇಗೆ? ಬನ್ನಿ, ತಿಳಿಯೋಣ.

ಯಾರು ಎಲ್ಲಿಂದ ಬಂದರು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಇವು ಈಗ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಮೊದಲು ಹೀಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು. 2018ರಲ್ಲಿ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಗಡಿಗಳು ಬದಲಾಗುತ್ತವೆ. ಜನರೂ ಹಾಗೇ, ಬರುತ್ತಾರೆ, ಹೋಗುತ್ತಾರೆ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿದ್ದೀರಾ? ಅಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ಅದರ ಪಕ್ಕದಲ್ಲೇ ಮುಸಾಫಿರ್ ಖಾನೆ ಇದೆ. ಅದು ಬಿಜಾಪುರದ ಆದಿಲಶಾಹಿಗಳ ಕಾಲದ್ದು. ಆ ಕಾಲದಿಂದ ಪಾರಸಿ, ಅರಬ್ಬಿ ಮಾತುಗಳು ಕನ್ನಡದಲ್ಲಿ ಬೆರೆತವು. ಜಿಲ್ಲೆ, ತಾಲ್ಲೂಕು, ಜಮೀನು, ಅರ್ಜಿ, ರಸೀದಿ. ಇವೆಲ್ಲ ಹಾಗೆ ಬಂದ ಪದಗಳು. ಇವತ್ತು ಇವನ್ನು ಹೊರಗಿನವು ಅಂತ ಯಾರಾದರೂ ಅಂತಾರಾ?

ಲಂಬಾಣಿ ಜನ, ಅಂದರೆ ಬಂಜಾರರು, ಬಡಗಣ ರಾಜಸ್ಥಾನದ ಕಡೆಯಿಂದ ಬಂದವರು. ಅದಕ್ಕೇ ಅವರ "ಪಾಣಿ"ಗೂ ಉರ್ದುವಿನ "ಪಾನಿ"ಗೂ ಹೋಲಿಕೆ ಇದೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರಿಗೆ ಸಾಗಿಸುವುದು ಅವರ ಕಸುಬು. ಲವಣ ಅಂದರೆ ಉಪ್ಪು. ಅದರಿಂದಲೇ ಲಂಬಾಣಿ ಎಂಬ ಹೆಸರು ಬಂತು ಅಂತ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ರೈಲು, ರಸ್ತೆ ಬಂದವು. ಎತ್ತಿನ ವ್ಯಾಪಾರ ಬಿತ್ತು. 1871ರಲ್ಲಿ ಒಂದು ಕಾನೂನು ಬಂತು. ಅಲೆಯುವ ಎಷ್ಟೋ ಜನಾಂಗಗಳನ್ನು ಅದು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕರೆಯಿತು. ಬಂಜಾರರ ಕೆಲವು ಗುಂಪುಗಳೂ ಅದರಲ್ಲಿ ಸಿಕ್ಕಿಕೊಂಡವು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಆ ಕಾನೂನು ಹೋಯಿತು. ಅಲೆದಾಟ ಬಿಟ್ಟವರು ಊರಾಚೆ ತಾಂಡಾ ಕಟ್ಟಿಕೊಂಡು ನೆಲೆ ನಿಂತರು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳ ಇದೇ ಎಂದು ಅವರ ನಂಬಿಕೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಹೊರ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ.

ಭೋವಿ ಜನ ಕಲ್ಲು, ಮಣ್ಣಿನ ಕೆಲಸದಲ್ಲಿ ಪಳಗಿದವರು. ಕೆರೆ, ಬಾವಿ, ಕಾಲುವೆ ಕೆಲಸ ಇದ್ದಲ್ಲಿಗೆ ಹೋದರು. ಅವರಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ತೆಲುಗು ಇದೆ. ಕನ್ನಡ, ತೆಲುಗು ಒಂದೇ ಬಳ್ಳಿಯ ಭಾಷೆಗಳು. "ನೀರು", "ನೀಳ್ಳು" ಎಷ್ಟು ಹತ್ತಿರ ನೋಡಿ!

ಊರಂಚಿನ ಬಡಾವಣೆ

ಭದ್ರಾ ನೀರು ಬಂದ ಕಡೆ ಕೂಲಿ ಸಿಕ್ಕಿತು. ಜನ ಅಲ್ಲಿಗೆ ಬಂದರು. ಜಗಳೂರು ಕಡೆ ಮಳೆ ಕಮ್ಮಿ. ಅಲ್ಲಿಂದ ಜನ ಕಾಫಿ ತೋಟಕ್ಕೆ, ಬೆಂಗಳೂರಿಗೆ ಗುಳೆ ಹೋದರು. ಮಕ್ಕಳ ಶಾಲೆ, ಆಸ್ಪತ್ರೆ, ಕೆಲಸ ಅಂತ ತಾಂಡಾದೋರು, ಹಟ್ಟಿಯೋರು ತಾಲ್ಲೂಕಿನ ಊರುಗಳ ಅಂಚಿಗೆ ಬಂದರು. ಅಲ್ಲಿ ಹೊಸ ಬಡಾವಣೆಗಳಾದವು. ಒಂದೇ ಬೀದಿಯಲ್ಲಿ ಮೂರು ಮನೆ, ಮೂರು ಮಾತು. ನಲ್ಲಿ ಹತ್ತಿರ ಎಲ್ಲರೂ ಕನ್ನಡ ಮಾತಾಡುತ್ತಾರೆ.

ಕನ್ನಡ ನಮ್ಮನ್ನೆಲ್ಲ ಸೇರಿಸುವ ಮಾತು. ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ ಅದು ಬೇಕೇ ಬೇಕು. ನೀವು ಕಷ್ಟಪಟ್ಟು ಅಕ್ಷರ ಕಲಿತದ್ದೂ ಅದಕ್ಕೇ. ಆದರೆ ಒಂದು ವಿಷಯ ಯೋಚಿಸೋಣ. ಈಗ ಎಷ್ಟೋ ಮನೆಗಳಲ್ಲಿ ಅಜ್ಜಿ ಲಂಬಾಣಿಯಲ್ಲಿ ಕರೀತಾಳೆ. ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ನಾಲ್ಕು ಜನರ ಮುಂದೆ "ಯಾಡಿ" ಅಂತ ಅಮ್ಮನನ್ನು ಕರೆಯೋಕೆ ನಾಚಿಕೆ. ಯಾರಾದರೂ ನಕ್ಕಾರು ಅಂತ ಭಯ. ಹೀಗೇ ಆದರೆ ಅಜ್ಜಿಯ ಹಾಡು, ಒಗಟು, ಮದುವೆಯ ಅಳುವ ಪದ ಅಜ್ಜಿಯ ಜೊತೆಗೇ ಹೋಗಿಬಿಡುತ್ತವೆ. ಕನ್ನಡ ಕಲಿಯಲು ಮನೆಮಾತು ಬಿಡಬೇಕಾಗಿಲ್ಲ. ಎರಡು ಕಣ್ಣು ಇದ್ದ ಹಾಗೆ ಎರಡು ಮಾತು.

ಗಣತಿಯವರು ಬಂದಾಗ

2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿ ನಮ್ಮ ತಾಯ್ನುಡಿ ಅಂತ ಬರೆಸಿದರು. ಗಣತಿಯ ಲೆಕ್ಕದಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಮುಂದಿನದನ್ನು 2027ಕ್ಕೆ ಗೊತ್ತುಮಾಡಿದ್ದಾರೆ.

ತಾಯ್ನುಡಿ ಅಂದರೆ ಗಣತಿಯಲ್ಲಿ ಏನು? ಚಿಕ್ಕಂದಿನಲ್ಲಿ ತಾಯಿ ನಮ್ಮ ಜೊತೆ ಆಡಿದ ಮಾತು. ಮನೆಯಲ್ಲಿ ಒಬ್ಬೊಬ್ಬರದೂ ಬೇರೆ ಇರಬಹುದು. ಗಂಡನದೇ ಹೆಂಡತಿಯದು ಅಂತ ಇಲ್ಲ. ಅದು ಬಿಟ್ಟು ನಿಮಗೆ ಬರುವ ಇನ್ನೂ ಎರಡು ಭಾಷೆ ಬರೆಸಬಹುದು. ಕನ್ನಡವನ್ನು ಅಲ್ಲಿ ಬರೆಸಿ. ನೀವು ಹೇಳಿದ್ದನ್ನೇ ಅವರು ಬರೆದುಕೊಳ್ಳಬೇಕು. ಆದ್ದರಿಂದ ಗಂಡಸರು ಹೇಳಲಿ ಅಂತ ಒಳಗೆ ಕೂರಬೇಡಿ. ಬಾಗಿಲಿಗೆ ಬಂದು ನೀವೇ ಹೇಳಿ.

ಲಂಬಾಣಿಗೆ ತನ್ನದೇ ಹಳೆಯ ಲಿಪಿ ಇಲ್ಲ. ಕರ್ನಾಟಕದಲ್ಲಿ ಅದನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಆ ಅಕ್ಷರ ಈಗ ನಿಮ್ಮ ಕೈಯಲ್ಲಿದೆ.

ಈ ವಾರ ಹೀಗೆ ಮಾಡೋಣ. ನಿಮ್ಮ ತಾಯಿ ನಿಮಗೆ ಹೇಳುತ್ತಿದ್ದ ಐದು ಮಾತು ನೆನಪು ಮಾಡಿಕೊಳ್ಳಿ. ಯಾವ ಭಾಷೆಯಾದರೂ ಸರಿ. ಕನ್ನಡ ಅಕ್ಷರದಲ್ಲಿ ಬರೆಯಿರಿ. ಪಕ್ಕದಲ್ಲಿ ಕೂತಾಕೆಗೆ ಓದಿ ಹೇಳಿ. ಆಕೆಯದನ್ನೂ ಕೇಳಿ.