ವರ್ಷವಿಡೀ ತೆರೆದ ಶಾಲೆ

ಅಮೆರಿಕದ ಶಾಲೆಗಳಿಗೆ ಬೇಸಿಗೆಯಲ್ಲಿ ಹತ್ತು ಹನ್ನೊಂದು ವಾರ ಬೀಗ. ಮಕ್ಕಳು ಹೊಲಗೆಲಸಕ್ಕೆ ಬೇಕಾಗಿದ್ದರಿಂದ ಈ ರಜೆ ಬಂತೆಂದು ಅಲ್ಲಿ ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ಕಾಲದಲ್ಲಿ. 19ನೇ ಶತಮಾನದ ಹಳ್ಳಿ ಶಾಲೆಗಳು ಬೇಸಿಗೆಯಲ್ಲೂ ನಡೆಯುತ್ತಿದ್ದವು. ನಗರದ ಶಾಲೆಗಳಂತೂ ಹೆಚ್ಚುಕಡಿಮೆ ವರ್ಷವಿಡೀ ತೆರೆದಿರುತ್ತಿದ್ದವು. ಸೆಕೆಗೆ ಬೇಯುವ ಕಟ್ಟಡಗಳು, ಬೇಸಿಗೆಗೆ ಊರು ಬಿಡುವ ಉಳ್ಳವರು, ಇವೇ ಮುಂತಾದ ಕಾರಣಗಳಿಂದ ರಜೆ ಉದ್ದವಾಯಿತು.

ಆ ರಜೆಯನ್ನು ಒಡೆದು ಹನ್ನೆರಡು ತಿಂಗಳಿಗೂ ಹಂಚುವ ಏರ್ಪಾಟಿಗೆ ‘ವರ್ಷವಿಡೀ ಶಾಲೆ’ ಎಂದು ಹೆಸರು. ಮಿಸ್ಸೌರಿ ರಾಜ್ಯದ ಫ್ರಾನ್ಸಿಸ್ ಹೋವೆಲ್ ಶಾಲಾ ಜಿಲ್ಲೆ 1969ರಲ್ಲಿ ಜಾರಿಗೆ ತಂದ 45–15 ಪದ್ಧತಿ ಹೆಸರಾಂತ ಮಾದರಿ: 45 ದಿನ ಪಾಠ, 15 ದಿನ ಬಿಡುವು. ಒಂದು ಮಗುವಿಗೆ ಸಿಗುವ ಪಾಠದ ದಿನಗಳು ಮಾತ್ರ ಮೊದಲಿನಷ್ಟೇ, ಸುಮಾರು 180.

ಇದರ ಪರವಾದ ದೊಡ್ಡ ವಾದ ಮರೆವಿನದು. ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆ ಸೋರಿಹೋಗುತ್ತದೆ, ಗಣಿತದಲ್ಲಿ ನಷ್ಟ ಹೆಚ್ಚು ಎಂದರು. ಈ ಅಳತೆಯನ್ನು ಪ್ರಶ್ನಿಸಿದವರೂ ಆಮೇಲೆ ಬಂದರು. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವ ಲಾಭ ಬೇರೆ: ಮೊದಲ ತಿಂಗಳಲ್ಲೇ ಭಿನ್ನರಾಶಿಯಲ್ಲಿ ಎಡವಿದ ಮಗು ವರ್ಷದ ಕೊನೆಯವರೆಗೆ ಕಾಯಬೇಕಿಲ್ಲ, ಮೊದಲ ಬಿಡುವಿನಲ್ಲೇ ವಿಶೇಷ ತರಗತಿ ಪಡೆಯಬಹುದು. ಆದರೆ ಆ ತರಗತಿಗೆ ಹಣ, ಶಿಕ್ಷಕರು ಎರಡೂ ಬೇಕು. ರಜೆಯ ದಿನಾಂಕ ಬದಲಿಸಿದಷ್ಟರಿಂದ ಏನೂ ಆಗದು. ಉತ್ತರ ಕೆರೊಲಿನಾದ ವೇಕ್ ಕೌಂಟಿಯಲ್ಲಿ 2007ರಲ್ಲಿ 22 ಶಾಲೆಗಳು ಈ ಕ್ಯಾಲೆಂಡರಿಗೆ ಬದಲಾದವು. ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ ಮಕ್ಕಳ ಸರಾಸರಿ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಅನನುಕೂಲಗಳೂ ಇವೆ. ಅಣ್ಣನ ಶಾಲೆಗೊಂದು ರಜೆ, ತಂಗಿಯ ಶಾಲೆಗೊಂದು ರಜೆಯಾದರೆ ದುಡಿಯುವ ತಂದೆತಾಯಿಗೆ ವರ್ಷವಿಡೀ ಪರದಾಟ. ಕಟ್ಟಡದ ರಿಪೇರಿಗೂ ಬಿಡುವಿಲ್ಲ.

ಈ ಪದ್ಧತಿ ಹೇಗೆ ಕೆಡುತ್ತದೆಂದು ತೋರಿಸಿದ್ದು ಲಾಸ್ ಏಂಜಲೀಸ್. ಮಕ್ಕಳ ಸಂಖ್ಯೆ ಏರಿ ಕೊಠಡಿ ಸಾಲದೆ ಹೋದಾಗ ಅಲ್ಲಿ ‘ಕಾನ್ಸೆಪ್ಟ್ 6’ ಎಂಬ ಕ್ಯಾಲೆಂಡರ್ ಹಿಡಿದರು. ಮಕ್ಕಳನ್ನು ಮೂರು ತಂಡ ಮಾಡುವುದು, ಯಾವಾಗಲೂ ಎರಡು ತಂಡ ಶಾಲೆಯಲ್ಲಿ, ಒಂದು ರಜೆಯಲ್ಲಿ. ಸಾವಿರ ಮಕ್ಕಳ ಕಟ್ಟಡದಲ್ಲಿ ಒಂದೂವರೆ ಸಾವಿರ ಮಕ್ಕಳು ಹಿಡಿದರು. ಪಾಠದ ದಿನಗಳು ಮಾತ್ರ 180ರಿಂದ 163ಕ್ಕೆ ಇಳಿದವು. ದಿನದ ಅವಧಿ ಹಿಗ್ಗಿಸಿ ಲೆಕ್ಕ ಸರಿಮಾಡಿದರು. ಸ್ವಂತ ಕೊಠಡಿಯಿಲ್ಲದ ಶಿಕ್ಷಕರು ಪುಸ್ತಕ, ಉತ್ತರಪತ್ರಿಕೆಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ತರಗತಿಯಿಂದ ತರಗತಿಗೆ ಅಲೆದರು. ಉನ್ನತ ಮಟ್ಟದ ಕೆಲವು ವಿಷಯಗಳು ಒಂದು ತಂಡಕ್ಕೆ ಸಿಕ್ಕಿ ಇನ್ನೊಂದಕ್ಕೆ ಸಿಗಲಿಲ್ಲ. ಹೀಗೆ ಓದಿದವರಲ್ಲಿ ಬಹುಪಾಲು ಬಡ ಲ್ಯಾಟಿನೊ ಮಕ್ಕಳು. ಇಂಥ ಶಾಲೆಗಳ ಸ್ಥಿತಿಯನ್ನು ಪ್ರಶ್ನಿಸಿದ ವಿಲಿಯಮ್ಸ್ ಮೊಕದ್ದಮೆಯ 2004ರ ರಾಜಿ ಒಪ್ಪಂದ, 2012ರೊಳಗೆ ಈ ಕ್ಯಾಲೆಂಡರ್ ನಿಲ್ಲಬೇಕೆಂದಿತು. ನೂರಕ್ಕೂ ಹೆಚ್ಚು ಹೊಸ ಶಾಲೆ ಕಟ್ಟಿದ ಮೇಲೆಯೇ ಅಲ್ಲಿನ ಇಕ್ಕಟ್ಟು ತಗ್ಗಿದ್ದು.

ನಮ್ಮ ಕರ್ನಾಟಕದಲ್ಲಿ ರಜೆ ದಸರಾಕ್ಕೂ ಬೇಸಿಗೆಗೂ ಈಗಾಗಲೇ ಹಂಚಿಹೋಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಕೆಲಸದ ದಿನ ಕಡ್ಡಾಯ ಮಾಡಿದೆ. ರಜೆಯ ಪಟ್ಟಿ ಬದಲಿಸುವ ಮಾತು ನಿಮ್ಮೂರ ಶಾಲೆಯಲ್ಲಿ ಬಂದರೆ, ಪ್ರತಿ ಮಗುವಿಗೆ ಪಾಠದ ದಿನ ಎಷ್ಟು ಉಳಿಯುತ್ತದೆ, ಬಿಡುವಿನ ತರಗತಿಗೆ ಶಿಕ್ಷಕರು ಯಾರು ಎಂದು ಮೊದಲು ಕೇಳಿ.